ಮಗನಿಗೆ ಇಟ್ಟ ಎಡೆ

ಕ್ರಿಸ್‌ಮಸ್ ರಜೆಗೆ ಬಂದ ಸಿನಿಮಾವನ್ನು ನಿನ್ನೆ ಸೇಡಂ ರಸ್ತೆಯ ನಮ್ಮ ರೂಮಿನಲ್ಲಿ ಎರಡನೇ ಸಲ ನೋಡಿದೆ. ಮಗ ತೀರಿಕೊಂಡ ಮೇಲೆ ಪ್ರಾರ್ಥನೆ ಬಿಟ್ಟಿದ್ದ ತಾಯಿ, ಹಬ್ಬದ ದಿನ ಮತ್ತೆ ಮಂಡಿಯೂರುತ್ತಾಳೆ. ಫೋನಿನಲ್ಲಿರುವ ನಮ್ಮ ಗೆಳತಿಯರ ಗ್ರೂಪಿನಲ್ಲಿ ಎಲ್ಲರೂ ಅತ್ತರಂತೆ, ನಾನೂ ಅತ್ತೆ. ಆದರೆ ಅವಳು ಮಗನ ತಟ್ಟೆಗೆ ಊಟ ಬಡಿಸುವ ದೃಶ್ಯದಲ್ಲೇ ನನ್ನ ಮನಸ್ಸು ಗೊಂದಲಕ್ಕೆ ಬಿದ್ದು, ಕಮಲಾಪುರದ ಮುತ್ತಜ್ಜಿ ನೆನಪಾದಳು.

ನಾನು ಸಣ್ಣವಳಿದ್ದಾಗ ಆಕೆ ಒಣರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತ, ನಿಜಾಮರ ಕಾಲದ ತನ್ನ ಅವ್ವನ ಕಥೆ ಹೇಳುತ್ತಿದ್ದಳು. ಜ್ವರದಲ್ಲಿ ಮಗ ಹೋದ ಮೇಲೆ ಆ ಅವ್ವ ಲಿಂಗಪೂಜೆ ಬಿಟ್ಟಳು, ಹಣೆಗೆ ವಿಭೂತಿ ಹಚ್ಚಲಿಲ್ಲ. ಮೊದಲ ರೊಟ್ಟಿಯನ್ನು ಮಾತ್ರ ದಿನಾ ದೇವರ ಜಗಲಿಯ ಮೇಲೆ ಇಡುತ್ತಿದ್ದಳು.

"ದೇವರ ಬ್ಯಾಡ ಅಂದಿ, ಮತ್ತ ಎಡಿ ಯಾಕ ಇಡತಿ?" ಎಂದು ಒಂದು ದಿನ ಗಂಡ ಕೆಣಕಿದ.

"ದೇವರಿಗಲ್ರೀ, ನನ್ನ ಮಗಗ."

"ಮಗಗ ಆದ್ರ ಒಲಿ ಹಂತ್ಯಾಕ ಇಡು. ಜಗಲಿ ಮ್ಯಾಲ ಯಾಕ?"

"ಅವನ ತನಕ ಒಯ್ಯಾವ್ರು ಯಾರದಾರ್ರೀ ಮತ್ತ?"

ಅವ್ವ ರೊಟ್ಟಿಯನ್ನು ಜಗಲಿಯ ಮೇಲಿಟ್ಟಳು. ಆಕೆ ಜಗಲಿಯ ಕಡೆ ನೋಡದೆಯೇ, "ಬಿಸಿ ಇದ್ದಾಗೇ ಮುಟ್ಟಸು" ಎಂದಳಂತೆ.

"ಯಾರಿಗಿ ಅಂದ್ಳು, ಆಯಿ?" ಎಂದು ನಾನು ಕೇಳಿದ್ದೆ.

"ನನಗೇ ಅಂದ್ಳು ಅಂತ ತಿಳಕೊಂಡೆ ನೋಡವ್ವ" ಎಂದು ಮುತ್ತಜ್ಜಿ ನಕ್ಕಳು. "ಆಗ ನಾ ಸಣ್ಣಾಕಿ, ಅಲ್ಲೇ ಕುಂತಿದ್ದೆ. ರೊಟ್ಟಿ ತಗೊಂಡು ಎದ್ದು ನಿಂತೆ. ಎಲ್ಲಿಗಿ ಒಯ್ಯಲಿ ಅವ್ವ, ಅಂದೆ. ಅವತ್ತ ಅಕಿ ಮೊದಲನೇ ಸಲ ಅತ್ತಳು."

ಗ್ರೂಪಿನವರು ಸಿನಿಮಾ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. 'ಬಿಸಿ ಇದ್ದಾಗೇ ಮುಟ್ಟಸು' ಎಂಬ ಆ ಒಂದು ಮಾತು ಪ್ರಾರ್ಥನೆಯೋ ಅಲ್ಲವೋ ಅನ್ನುವುದೇ ನನಗಿನ್ನೂ ತಿಳಿದಿಲ್ಲ.