ಹಾಯಿದೋಣಿಗೆ ಮೂರು ಹಗ್ಗ

ನಮ್ಮಪ್ಪ ಕೂತಲ್ಲಿ ಕೂರುವ ಆಸಾಮಿಯಲ್ಲ. ಕಸುಬಿನಿಂದ ದರ್ಜಿ, ಹೊಲಿಗೆ ಯಂತ್ರದ ಮುಂದೆ ಇಷ್ಟು ವರ್ಷ ಅದು ಹೇಗೆ ಕೂತನೋ ಆ ದೇವರೇ ಬಲ್ಲ. ರಜೆ ಬಂತೆಂದರೆ ತನ್ನ ಪುಟ್ಟ ಹಾಯಿದೋಣಿಯ ಕಡೆಗೆ ಓಟ. ಅಮ್ಮ ಅದನ್ನು ಸವತಿ ಎಂದೇ ಕರೆಯುತ್ತಾಳೆ.

ಹೋದ ವಾರ ದಡಕ್ಕೆ ಬರುವಾಗ ಅಪ್ಪ ಒಂದು ಹಗ್ಗ ಸಡಿಲಿಸುವ ಬದಲು ಇನ್ನೊಂದನ್ನು ಬಿಚ್ಚಿದ. ಹಾಯಿ ದೊಪ್ಪನೆ ನಮ್ಮಿಬ್ಬರ ತಲೆಯ ಮೇಲೆ ಬಿತ್ತು. "ಹಗ್ಗ ಹಳೇದಾಯ್ತು," ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ಹಗ್ಗ ಹಳೆಯದಾಗಿದ್ದದ್ದು ನಿಜ, ಹೊಸದು ತರಲು ಇಬ್ಬರೂ ಅಂಗಡಿಗೆ ಹೋದೆವು.

ನಾನು ಜಾಣೆಯ ಹಾಗೆ ಒಂದೇ ಬಗೆಯ ಪಾಲಿಯೆಸ್ಟರ್ ಹಗ್ಗವನ್ನು ಮೂರು ಬಣ್ಣದಲ್ಲಿ ಆರಿಸಿದೆ. ಹಾಯಿ ಏರಿಸಲು ಕೆಂಪು, ಗಾಳಿಗೆ ಎಳೆದು ಹಿಡಿಯಲು ನೀಲಿ, ಗಾಳಿ ಜೋರಾದರೆ ಹಾಯಿ ಕುಗ್ಗಿಸಲು ಹಸಿರು. ನೈಲಾನ್ ಮುಟ್ಟಲಿಲ್ಲ; ಅದು ಭಾರಕ್ಕೆ ಹಿಗ್ಗಿ, ಏರಿಸಿದ ಹಾಯಿ ಜೋಲು ಬೀಳುತ್ತದೆ.

"ಬಣ್ಣ ನೋಡಿ ತಗೊಳ್ಳೋಕೆ ಇದೇನು ಅಂಗಿ ಬಟ್ಟೆನಾ?" ಎಂದು ಅಪ್ಪ ಮೂರನ್ನೂ ಪಕ್ಕಕ್ಕೆ ತಳ್ಳಿದ.

ಆಮೇಲೆ ಶುರುವಾಯಿತು ಪರದಾಟ. ಒಂದನ್ನು ಹಿಚುಕಿದ, ಇನ್ನೊಂದನ್ನು ಬೆರಳ ಸಂದಿಯಲ್ಲಿ ಎಳೆದ, ಕೆನ್ನೆಗೆ ಉಜ್ಜಿದ, ಬಿಟ್ಟ, ಮತ್ತೆ ಮೊದಲನೆಯದಕ್ಕೇ ಬಂದ. ಅಂಗಡಿಯವನು ನನ್ನ ಮುಖ ನೋಡಿದ. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಏರಿಸಲು ನುಣ್ಣಗಿನ ಗಟ್ಟಿ ಹಗ್ಗ, ಎಳೆದು ಹಿಡಿಯಲು ಜುಂಗು ಎದ್ದ ದಪ್ಪನೆಯದು, ಕುಗ್ಗಿಸಲು ತೆಳ್ಳನೆಯದು ತೆಗೆದುಕೊಂಡ. ಮೂರೂ ಬಿಳಿ.

"ಎಲ್ಲಾ ಬಿಳಿ ಆದ್ರೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತಪ್ಪಾ?"

"ಕೈಗೆ ಗೊತ್ತಾಗುತ್ತೆ."

ಆಗ ನನಗೆ ಹೊಳೆಯಿತು. ಈಚೆಗೆ ಸೂಜಿಗೆ ದಾರ ಪೋಣಿಸಲು ಅವನು ಅಮ್ಮನನ್ನೇ ಕರೆಯುತ್ತಿದ್ದ. ಸೋಮಾರಿಯಾದ ಎಂದು ನಾವು ನಗುತ್ತಿದ್ದೆವು. ಕಣ್ಣು ಕಾಣುತ್ತಿಲ್ಲ ಎಂದು ಬಾಯಿಬಿಟ್ಟರೆ ದೋಣಿ ಬಿಡಿಸುತ್ತೇವೆಂಬ ಭಯ ಅವನಿಗೆ. ನಿಜ ಹೇಳಬೇಕೆಂದರೆ, ಬಿಡಿಸುತ್ತಿದ್ದೆವು.

"ಹಗ್ಗ ನೀನು ನೋಡ್ಕೊ. ಇನ್ಮೇಲೆ ಚುಕ್ಕಾಣಿ ನಾನು ಹಿಡೀತೀನಿ," ಎಂದೆ.

"ಅಂದ್ರೆ ನನ್ನ ದೋಣೀಲಿ ನಾನೇ ಕೂಲಿಯಾಳಾ?"

"ಹೂಂ. ಸಂಬಳನೂ ಇಲ್ಲ."

ಅಪ್ಪನಿಗೆ ನಗು ಬರಲಿಲ್ಲ. ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಬಾಗಿಲವರೆಗೆ ನಡೆದ. ಮೆಟ್ಟಿಲ ಹತ್ತಿರ ನಿಂತು ನನ್ನ ತೋಳು ಹಿಡಿದ.

"ಎದುರಿಗೆ ಏನು ಬರ್ತಿದೆ ಅಂತ ಜೋರಾಗಿ ಹೇಳ್ತಾ ಇರ್ಬೇಕು, ಆಯ್ತಾ?" ಎಂದ.