ಅತ್ತೆ ತಾವೇ ಬಸ್ ಹತ್ತಿದರು

ಗೆಳೆಯರೇ, ಇವತ್ತು ಬೆಳಿಗ್ಗೆ ಸಂಶಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಅತ್ತೆ ತುಂಬಿದ ಬಸ್ಸೊಂದನ್ನು ಕಾಯಿಸಿಬಿಟ್ಟರು.

ಸಂಧಿವಾತದಿಂದ ಸವೆದುಹೋಗಿದ್ದ ಅವರ ಬಲಮಂಡಿಯನ್ನು ಬದಲಿಸಿ ಮೂರು ತಿಂಗಳಾಯಿತು. ಅದಕ್ಕೂ ಮೊದಲು ಬಸ್ ಹತ್ತುವುದೆಂದರೆ ನಾನು ಹಿಂದಿನಿಂದ ನೂಕಬೇಕು, ಕಂಡಕ್ಟರ್ ಮೇಲಿನಿಂದ ಎಳೆಯಬೇಕು. ಇವತ್ತೂ ಕಂಡಕ್ಟರ್ ಅಭ್ಯಾಸಬಲದಿಂದ ಕೈ ಚಾಚಿದರು.

"ಬ್ಯಾಡಪ್ಪಾ, ನಾನ ಹತ್ತತೇನಿ," ಎಂದರು ಅತ್ತೆ.

"ಲಗೂ ಹತ್ರಿ ಅವ್ವಾರ, ಟೈಮ್ ಆಗೇತಿ!"

"ಮೂರು ತಿಂಗಳು ಗ್ವಾಡಿ ಹಿಡಕೊಂಡು, ಅಳಕೋತ ಇದನ್ನ ಕಲತೇನಿ. ನಿನಗ ಎರಡು ನಿಮಿಷ ನಿಲ್ಲಾಕ ಆಗೂದಿಲ್ಲೇನು?"

ಕಂಡಕ್ಟರ್ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ಸರಿದರು. ಅತ್ತೆ ಕಂಬಿ ಹಿಡಿದು, ಫಿಸಿಯೋಥೆರಪಿ ಮಾಡಿಸಿದಾಕೆ ಕಲಿಸಿದಂತೆ ಮೊದಲು ಎಡಗಾಲನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ ಹೊಸ ಮಂಡಿಯ ಬಲಗಾಲು ನಿಧಾನವಾಗಿ ಮೇಲೆ ಬಂತು. ಹೀಗೆ ಮೂರು ಮೆಟ್ಟಿಲು. ಒಮ್ಮೆಯೂ "ಯವ್ವಾ" ಎನ್ನಲಿಲ್ಲ. ನೂಕಲು ಎತ್ತಿದ್ದ ನನ್ನ ಕೈಗಳು ಗಾಳಿಯಲ್ಲೇ ನಿಂತವು. ಮಂಡಿ ಮಡಿಸು ಎಂದರೆ ಮಗುವಿನಂತೆ ಅತ್ತು ಹಟ ಹಿಡಿಯುತ್ತಿದ್ದವರು ಇವರೇನಾ ಎನಿಸಿ ಕಣ್ಣು ತುಂಬಿತು.

ಬಾಗಿಲ ಪಕ್ಕದ ಸೀಟಿನ ಅಜ್ಜಿಯೊಬ್ಬರು ತಮ್ಮ ಊದಿದ ಮಂಡಿ ನೀವಿಕೊಳ್ಳುತ್ತ ಕೇಳಿದರು, "ಒಳಗ ಕಬ್ಬಿಣ ಹಾಕ್ಯಾರೇನ್ರೀ?"

"ಹೌದ್ರಿ, ಏನೋ ಹಾಕ್ಯಾರ. ಆದ್ರ ಹತ್ತಿದಾಕಿ ನಾನ!"

ಅಷ್ಟರಲ್ಲಿ ಬಸ್ ಹೊರಟಿತು. ಒಳಗಿನಿಂದ ಅತ್ತೆಯ ಕೂಗು ಕೇಳಿತು: "ಏ ತಮ್ಮಾ, ತಡಿಯೋ! ನಮ್ಮ ಸೊಸಿ ಇನ್ನೂ ಕೆಳಗ ನಿಂತಾಳ!"

ನಿಜ. ಬೆರಗಾಗಿ ನೋಡುತ್ತ ನಿಂತು, ಎರಡೂ ಮಂಡಿ ಗಟ್ಟಿಯಿರುವ ನಾನೇ ಬಸ್ ತಪ್ಪಿಸಿಕೊಳ್ಳುವುದರಲ್ಲಿದ್ದೆ.