ಲಕ್ಷ್ಮಕ್ಕ ಜಗಿದ ನೀರು

ಲಕ್ಷ್ಮಕ್ಕ ನೀರನ್ನು ಕುಡಿಯುತ್ತಿರಲಿಲ್ಲ, ಜಗಿಯುತ್ತಿದ್ದರು. ಬಾಯ್ತುಂಬ ತುಂಬಿಕೊಂಡು, ಎರಡು ಕೆನ್ನೆಗೂ ತಿರುಗಿಸಿ, ಕಣ್ಣು ಮುಚ್ಚಿ ತೀರ್ಪು ಕೊಡುವರು: "ಇದು ಬೋರಿಂದು ಮೇಷ್ಟ್ರೇ. ನಾಲ್ಗೆ ಮ್ಯಾಲೆ ಸುಣ್ಣ ಬಳ್ದಂಗೈತೆ." ಅಮೃತೂರಿನ ಕಡೆಯ ಅವರ ಊರಿಗೆ ನಾನು ಮೇಷ್ಟ್ರಾಗಿ ಹೋದ ಮೊದಲ ದಿನ, ತುಮಕೂರಿನ ಬಟವಾಡಿಯ ನನ್ನ ಮನೆಯಿಂದ ಒಯ್ದಿದ್ದ ಬಾಟಲಿಗೂ ಈ ಪರೀಕ್ಷೆ ನಡೆಯಿತು. ಫೇಲಾಯಿತು.

ಊರಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇತ್ತು. ನನ್ನ ತರಗತಿಯ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವು, ಹಲ್ಲೆಲ್ಲ ಕಂದು. ಲಕ್ಷ್ಮಕ್ಕನ ಮಂಡಿಗಳೂ ಸೊಟ್ಟ. ಶುದ್ಧ ನೀರಿನ ಘಟಕ ಕೆಟ್ಟು ಬೀಗ ಬಿದ್ದಿತ್ತು. ಊರಿನ ಪಾಳು ಬಿದ್ದ ಸೇದುವ ಬಾವಿಯೊಂದೇ ದಾರಿ ಎಂದು ಲಕ್ಷ್ಮಕ್ಕ ಹಟ ಹಿಡಿದರು. ಹೂಳೆತ್ತಲು ಮನೆಗೊಂದಾಳು, ಬಾರದವರಿಗೆ ಬಾಗಿಲಲ್ಲೇ ಮಂಗಳಾರತಿ. "ಏನ್ಲಾ, ನಿನ್ ಮಗ್ಳೂ ನನ್ನಂಗೆ ಕುಂಟ್ಕೊಂಡೇ ಗಂಡನ್ ಮನೆಗೆ ಹೋಗ್ಬೇಕೇನ್ಲಾ?" ಕೊನೆಗೂ ಸೆಲೆ ಒಸರಿತು. ನೀರನ್ನು ಪರೀಕ್ಷೆಗೆ ತುಮಕೂರಿಗೆ ಒಯ್ದವನು ನಾನೇ. ಒಳ್ಳೆಯ ನೀರು ಎಂದು ಬಂತು. ಮೊದಲ ಕೊಡವನ್ನು ಅವರು ಶಾಲೆಗೆ ಕಳಿಸಿದರು.

ಎರಡು ವರ್ಷ ಕುಡಿದೆವು. ಸುತ್ತ ಬೋರ್‌ಗಳು ಹೆಚ್ಚಿದಂತೆ ಬಾವಿಯ ನೀರು ಇಳಿಯಿತು. ಮೂರನೆಯ ವರ್ಷ ಗಂಗೆಪೂಜೆಯ ಹೊತ್ತಿಗೆ ತಳ ಕಾಣುತ್ತಿತ್ತು. ಬರಿದಾದ ಬಾವಿಗೆ ಪೂಜೆ ಮಾಡಿದರೆ ಊರಿಗೆ ಕೇಡು ಎಂದು ಹಿರಿಯರು ಬೋರ್‌ವೆಲ್ಲಿನ ಪೈಪನ್ನು ಬಾವಿಗೇ ಇಳಿಸಿದರು. "ಒಂದಿನಕ್ಕೆ ಏನಾಗುತ್ತೆ" ಎಂದವರಲ್ಲಿ ನಾನೂ ಒಬ್ಬ. ಆ ಪೈಪನ್ನು ಮತ್ತೆ ಯಾರೂ ಎತ್ತಲಿಲ್ಲ. ತುಂಬಿದ ಬಾವಿ ಕಂಡು ಊರಿಗೆ ಊರೇ ಖುಷಿಯಾಗಿತ್ತು.

ಲಕ್ಷ್ಮಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದರು. "ಗಂಗಮ್ಮಂಗೇ ವಿಷ ಕುಡ್ಸಿದ್ರಲ್ರೋ!" ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಶಾಲೆಯ ಜಗಲಿಯಲ್ಲಿ ಕೂತು ನನಗೆ ಹೇಳಿದರು: "ಬುಡಿ ಮೇಷ್ಟ್ರೇ. ಬಾವಿ ಖಾಲಿ ಇದ್ದಿದ್ರೆ ಬೈದಾದ್ರೂ ಕೆಲ್ಸ ಮಾಡಿಸ್ತಿದ್ದೆ. ತುಂಬಿದ್ ಬಾವಿ ಮುಂದೆ ನನ್ ಮಾತ್ ಯಾರ್ ಕೇಳ್ತಾರೆ?" ಮತ್ತೆ ಅವರು ಬಾವಿಯ ಕಡೆ ಹೋಗಲಿಲ್ಲ. ನನಗಂತೂ ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಹೋದ ವರ್ಷ ಅವರಿಗೆ ಕೊನೆಗಾಲ ಬಂದಿದೆ ಎಂದು ತಿಳಿದು ಅವರ ಮನೆಗೆ ಹೋದೆ. ಪ್ರಜ್ಞೆ ಇರಲಿಲ್ಲ. ಸೊಸೆ, ತುಳಸಿ ಹಾಕಿದ ಲೋಟವನ್ನೂ ಚಮಚವನ್ನೂ ನನ್ನ ಕೈಗಿತ್ತಳು.

"ನೀವೂ ಒಂದ್ ಗುಟುಕು ಬುಡಿ ಸಾರ್. ಅವ್ರ್ ಬಾವೀದೇ ನೀರು, ಈಗ್ ಸೇದ್ಕೊಂಡ್ ಬಂದೆ."

ಬೋರಿನ ಪೈಪು ಇನ್ನೂ ಬಾವಿಯಲ್ಲೇ ಇರುವುದು ನನಗೆ ಗೊತ್ತಿತ್ತು. ಆದರೂ ಬಿಟ್ಟೆ. ನೀರು ಅವರ ಕಟವಾಯಿಯಿಂದ ಹೊರಗೆ ಹರಿಯಿತು. ಕರ್ಚೀಫಿನಿಂದ ಒರೆಸಿ, ಇನ್ನೊಂದು ಚಮಚ ಬಿಟ್ಟೆ.